ಮುಪ್ಪಿನಲ್ಲಿ ಕೂಡಿ ಬರೆಯುವದು



ನಮ್ಮ ರಾಜ್ಯದ ಸರಕಾರೀ ಶಾಲೆಗಳ ಉಪಾಧ್ಯಾಯರು 60 ವರುಷ ತುಂಬಿದಾಗ ನಿವೃತ್ತರಾಗುತ್ತಾರೆ. ಆ ದಿನ ಅವರಿಗೆ ಹೂವಿನ ಹಾರವೂ ಶಾಲೂ ದೊರೆಯುತ್ತವೆ. ಮರುದಿನವೂ ಶಾಲೆಯ ಗಂಟೆಯು ಬಾರಿಸುವದು. ಆದರೆ ಅವರನ್ನು ಕರೆಯುವದಕ್ಕಲ್ಲ. ಮಕ್ಕಳು ಪಟ್ಟಣ ಸೇರಿರುವರು. ಕೆಲವರ ಬಾಳಿನ ಜೊತೆಗಾರರು ಸಮಾಧಿಯಲ್ಲಿ ಮಲಗಿರುವರು. ದಾರಿಯಲ್ಲಿ ಕಂಡವರೆಲ್ಲರು ಕೈಮುಗಿದರೂ ಹತ್ತಿರ ಕೂತು ಮಾತಾಡುವವರು ವಿರಳ. ಈ ಒಂಟಿತನವನ್ನು ಸಣ್ಣ ಕಷ್ಟವೆಂದು ನಾವು ಎಣಿಸಬಾರದು.

ಇಂಥವರು ವಾರಕ್ಕೊಮ್ಮೆ ಕೂಡಿಬಂದು, ತಾವು ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ಹೇಳುವದಾದರೆ ಎಂಥಾ ಅನ್ಯೋನ್ಯತೆಯು ಹುಟ್ಟುವದೆಂಬದನ್ನು ವಿಚಾರಿಸೋಣ.

ಮೊದಲನೆಯದಾಗಿ, ಕೂಡಿ ಬರೆಯುವವರು ಒಬ್ಬರಿಗೊಬ್ಬರು ಬಲವಾಗುತ್ತಾರೆ. ರೋಮಾಪುರದವರಿಗೆ ಕಳುಹಿಸಿದ ಪತ್ರಿಕೆಯ ಮಾತು ಪೌಲನದು, ಬರೆದ ಕೈ ತೆರ್ತ್ಯನದು. ಯೆರೆಮೀಯನು ನುಡಿದದ್ದನ್ನು ಬಾರೂಕನು ಸುರುಳಿಯಲ್ಲಿ ಬರೆದನು. ಅರಸನಾದ ಯೆಹೋಯಾಕೀಮನು ಅದನ್ನು ಕೊಯ್ದು ಬೆಂಕಿಗೆ ಹಾಕಿಬಿಟ್ಟನು. ಆದರೂ ದೇವರ ಅಪ್ಪಣೆಯಂತೆ ಆ ಇಬ್ಬರು ತಿರಿಗಿ ಹೊಸ ಸುರುಳಿಯನ್ನು ಸಿದ್ಧಮಾಡಿದರು. ಅದರಲ್ಲಿ ಮೊದಲಿಗಿಂತ ಹೆಚ್ಚು ಮಾತುಗಳು ಸೇರಿದವು. ಹಾಗೆಯೇ ಕೈ ನಡುಗುವವರು ಹೇಳಲಿ, ಕಣ್ಣು ಕಾಣುವವರು ಬರೆಯಲಿ. ಗೆದ್ದಲು ತಿಂದ ಕಾಗದಕ್ಕಾಗಿ ಅಳುತ್ತಾ ಕೂತಿರದೆ ಕೂಡಿ ಮತ್ತೊಮ್ಮೆ ಬರೆಯಲಿ.

ಎರಡನೆಯದಾಗಿ, ಈ ಕೂಟವು ತಗ್ಗಿಸಿಕೊಳ್ಳುವದನ್ನು ಕಲಿಸುತ್ತದೆ. ಮೂವತ್ತು ವರುಷ ಪರರ ಹಲಗೆಯನ್ನು ತಿದ್ದಿದವರಿಗೆ ತಮ್ಮ ಹಾಳೆಯನ್ನು ಪರರ ಕೈಗೆ ಕೊಡುವದು ಸುಲಭವಲ್ಲ. ಒಂದೇ ಶಾಲೆಯಲ್ಲಿ ದೊಡ್ಡ ಮೇಷ್ಟ್ರ ಪದವಿಗಾಗಿ ಮನಸ್ತಾಪಪಟ್ಟವರು ಈಗ ಒಂದೇ ಚಾಪೆಯ ಮೇಲೆ ಕೂತುಕೊಳ್ಳಬೇಕಾದೀತು. ಯಾರ ಮುಂದೆ ನಮ್ಮ ತಪ್ಪನ್ನು ಬಿಚ್ಚಿಡುತ್ತೇವೋ ಅವರೊಡನೆ ಹಗೆಯನ್ನು ಬಹುಕಾಲ ಇಟ್ಟುಕೊಳ್ಳಲಾರೆವು. ಆದಕಾರಣ ಓದುವವರನ್ನು ಕಡೇ ತನಕ ಕೇಳಬೇಕು. ಮೊದಲು ಒಳ್ಳೆಯದನ್ನು ಹೇಳಬೇಕು. ಆಮೇಲೆ ಪ್ರೀತಿಯಿಂದ ತಿದ್ದಬೇಕು.

ಮೂರನೆಯದಾಗಿ, ಇದರ ಫಲವು ಮುಂದಿನವರಿಗೆ ಸಲ್ಲುತ್ತದೆ. ಅಧ್ಯಾಪಕರಾಗಿಯೂ ಶಾಲಾ ತನಿಖಾಧಿಕಾರಿಗಳಾಗಿಯೂ ದುಡಿದ ಪಂಜೆ ಮಂಗೇಶರಾಯರು (1874–1937) ಮಂಗಳೂರಿನಲ್ಲಿ ಗೆಳೆಯರೊಡನೆ ಬಾಲ ಸಾಹಿತ್ಯ ಮಂಡಲವನ್ನು ಕಟ್ಟಿ, ಮಕ್ಕಳ ಕೈಗೆ ಕನ್ನಡ ಪುಸ್ತಕಗಳನ್ನು ಕೊಟ್ಟರು. ನಮ್ಮ ಹಳ್ಳಿಯ ಗುರುಗಳಿಗೆ ಅಂಥ ಹೆಸರು ಬೇಕಾಗಿಲ್ಲ. ನಮ್ಮ ಕೇರಿಯಲ್ಲಿ ಮೊದಲು ಅಕ್ಷರ ಕಲಿತವರು ಯಾರು? ಮಳೆ ಬಾರದ ವರುಷ ಜನರು ಏನು ತಿಂದು ಬದುಕಿದರು? ನಾಟಿಯ ಹೆಂಗಸರು ಯಾವ ಪದ ಹಾಡುತ್ತಿದ್ದರು? ಇವು ಅವರ ನೆನಪಿನಲ್ಲಿವೆ. ಬರೆಯದೆ ಹೋದರೆ ಅವರೊಂದಿಗೇ ಮಣ್ಣಾಗುವವು.

ಆದದರಿಂದ ಸಭೆಯವರೇ, ನಿಮ್ಮಿಂದಾಗುವ ಸಹಾಯವು ಬಹಳವೇನಲ್ಲ. ಆರಾಧನೆಯ ಮನೆಯ ಜಗಲಿಯನ್ನು ಒಂದು ಸಾಯಂಕಾಲ ಬಿಟ್ಟುಕೊಡಿರಿ. ನಡೆಯಲಾರದ ಗುರುಗಳನ್ನು ಯೌವನಸ್ಥರು ಕರೆತರಲಿ. ವಿಧವೆಯಾಗಿ ಒಬ್ಬಳೇ ಇರುವ ಉಪಾಧ್ಯಾಯಿನಿಯಮ್ಮನನ್ನು ಮರೆಯಬೇಡಿರಿ. ನಮಗೆ ಅಕ್ಷರ ಕೊಟ್ಟವರು ಕತ್ತಲೆಯ ಮನೆಯಲ್ಲಿ ಒಂಟಿಯಾಗಿ ಕೂತಿರುವಾಗ ಅವರು ಕಲಿಸಿದ ಅಕ್ಷರದಿಂದ ನಾವು ಶಾಸ್ತ್ರ ಓದಿ ಸುಮ್ಮನಿರುವದು ಯೋಗ್ಯವೋ? ಮುಪ್ಪಿನಲ್ಲಿಯೂ ತನ್ನವರನ್ನು ಕೈಬಿಡದ ಕರ್ತನು ನಮ್ಮ ವೃದ್ಧ ಗುರುಗಳಿಗೆ ಜೊತೆಯನ್ನೂ ಕೈಗೆ ಕೆಲಸವನ್ನೂ ಹೃದಯಕ್ಕೆ ಸಮಾಧಾನವನ್ನೂ ಅನುಗ್ರಹಿಸಲಿ. ಆಮೆನ್.