ಮನೆಯ ಸಾಮಾನಿನ ನಿಜವಾದ ಬೆಲೆ



ಹೊಸ ಮನೆಯನ್ನು ಕಟ್ಟುವವನೂ ಹಳೆಯ ಮನೆಯನ್ನು ಸರಿಪಡಿಸುವವನೂ ಅಂಗಡಿಯಲ್ಲಿ ಕೇಳುವ ಮೊದಲನೆಯ ಪ್ರಶ್ನೆಯು, "ಇದಕ್ಕೆ ಎಷ್ಟು?" ಎಂಬದೇ. ಎರಡನೆಯದು, "ನೋಟಕ್ಕೆ ಹೇಗಿದೆ?" ಎಂಬದು. ಇವೆರಡೂ ತಪ್ಪಾದ ಪ್ರಶ್ನೆಗಳಲ್ಲ. ಬೆವರು ಸುರಿಸಿ ದುಡಿದ ಹಣವನ್ನು ಲೆಕ್ಕವಿಲ್ಲದೆ ಚೆಲ್ಲುವದು ಬುದ್ಧಿಯಲ್ಲ. ಮನೆಯು ಅಂದವಾಗಿರಬೇಕೆಂಬ ಆಸೆಯು ಪಾಪವೂ ಅಲ್ಲ. ಆದರೆ ಮೂರನೆಯ ಪ್ರಶ್ನೆಯೊಂದುಂಟು. ಅದನ್ನು ಕೇಳುವವರು ಕೆಲವರೇ. ಅದೇನಂದರೆ, ನಾವು ಕೊಡುವ ಹಣವಲ್ಲದೆ ಈ ವಸ್ತುವಿನ ನಿಮಿತ್ತ ಇನ್ನು ಯಾರು ಏನನ್ನು ಕೊಡಬೇಕಾಗುತ್ತದೆ?

"ಹಣ ನನ್ನದು, ಮನೆ ನನ್ನದು, ನನ್ನ ನಾಲ್ಕು ಗೋಡೆಯೊಳಗೆ ನಾನು ಏನಿಟ್ಟರೆ ಯಾರಿಗೇನು?" ಎಂದು ಹೇಳುವವರುಂಟು. ಈ ಮಾತು ಕೇಳುವದಕ್ಕೆ ನ್ಯಾಯವಾಗಿಯೇ ತೋರುತ್ತದೆ. ನಮಗೂ ಒಂದು ಕಾಲದಲ್ಲಿ ಹಾಗೆಯೇ ತೋರಿತ್ತೆಂದು ಮರೆಮಾಡದೆ ಹೇಳುತ್ತೇವೆ. ನಮ್ಮ ಮನೆಯಲ್ಲಿ ಹಲಸಿನ ಮರದ ಒಂದು ಹಳೆಯ ಪೆಟ್ಟಿಗೆ ಇತ್ತು. ಅದರ ಬಿಜಾಗರಿ ಮುರಿದಾಗ ಬಡಗಿಯನ್ನು ಕರೆಯುವದಕ್ಕೆ ಬೇಸರಪಟ್ಟು, ಪೆಟ್ಟಿಗೆಯನ್ನು ಬಂದ ಬೆಲೆಗೆ ಮಾರಿ, ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯ ಕಪಾಟನ್ನು ತಂದೆವು. ಅದು ಬಹಳ ಹೊಳೆಯುತ್ತಿತ್ತು. ಮೊದಲ ವಾರಗಳಲ್ಲಿ ಕೋಣೆಯೊಳಗೆ ಕಣ್ಣು ಉರಿಸುವಂಥಾ ವಾಸನೆ ಇತ್ತು. ಎರಡನೆಯ ಮಳೆಗಾಲಕ್ಕೆ ಬುಡವು ನೀರು ಕುಡಿದು ಉಬ್ಬಿತು, ತಿರುಪುಗಳು ಸಡಲಿದವು. ಆಗ ಬಂದ ಬಡಗಿಯು, "ಸ್ವಾಮೀ, ಉಳಿ ಇಡುವದಕ್ಕೆ ಇದರಲ್ಲಿ ಮರವೇ ಇಲ್ಲವಲ್ಲಾ" ಎಂದನು. ನಮ್ಮ ಹತ್ತಿರ ಉತ್ತರವಿರಲಿಲ್ಲ. ಆ ಕಪಾಟು ಒಲೆಗೂ ಬಾರದೆ ಮಣ್ಣಿಗೂ ಸೇರದೆ ಹಿತ್ತಿಲಲ್ಲಿ ಬಿದ್ದುಕೊಂಡಿತು.

ಆ ವಾಸನೆಯು ಏನೆಂಬದನ್ನು ನಾವು ಆಮೇಲೆ ಕಲಿತೆವು. ಇಂಥಾ ಹಲಗೆಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಆವಿಯು ಬಹುಕಾಲದ ವರೆಗೆ ಸ್ವಲ್ಪಸ್ವಲ್ಪವಾಗಿ ಹೊರಡುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಮಂಡಲಿಯು 2004ರಲ್ಲಿ, ಇದು ಮನುಷ್ಯರಿಗೆ ಕ್ಯಾನ್ಸರನ್ನು ಉಂಟುಮಾಡುವ ಪದಾರ್ಥವೆಂದು ನಿರ್ಣಯಿಸಿತು. ಬಣ್ಣದ ಸಂಗತಿಯೂ ಹೀಗೆಯೇ. ಹೊಳಪಿನ ಬಣ್ಣಗಳಲ್ಲಿ ಸೇರುತ್ತಿದ್ದ ಸೀಸವು ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಕೆಡಿಸುವದರಿಂದ, ಬಣ್ಣದ ಹತ್ತು ಲಕ್ಷ ಭಾಗದಲ್ಲಿ ಸೀಸವು 90 ಭಾಗವನ್ನು ಮೀರಬಾರದೆಂದು ಭಾರತ ಸರಕಾರವು 2016ರಲ್ಲಿ ನಿಯಮ ಮಾಡಿತು. ಪ್ಲಾಸ್ಟಿಕ್ಕಿನ ನೆಲಹಾಸು ಹರಿದ ಮೇಲೆ ಅದನ್ನು ಸುಟ್ಟರೆ ಏಳುವ ವಿಷದ ಹೊಗೆಯು ನೆರೆಮನೆಯ ತೊಟ್ಟಿಲನ್ನೂ ಮುಟ್ಟುತ್ತದೆ. ಹೀಗಿರಲಾಗಿ, "ನನ್ನ ಗೋಡೆಯೊಳಗೆ" ಎಂಬ ಮಾತು ನಿಲ್ಲುವದಿಲ್ಲ. ಮಗುವೂ ನೆರೆಯವನೂ ಮುಂದೆ ಆ ನೆಲವನ್ನು ಅಗೆಯುವವನೂ ನಮ್ಮ ಖರೀದಿಯ ಪಾಲನ್ನು ತೆರುತ್ತಾರೆ. ಅವರನ್ನು ಯಾರೂ ಕೇಳಿರುವದಿಲ್ಲ.

ಹಾಗಾದರೆ ಹಳೆಯದೆಲ್ಲಾ ಒಳ್ಳೆಯದೋ? ಹಾಗೂ ಹೇಳಕೂಡದು. ನಮ್ಮ ತಲೆಯ ಮೇಲಿರುವ ಹಂಚನ್ನೇ ನೋಡೋಣ. 1865ರಲ್ಲಿ ಬಾಸೆಲ್ ಮಿಶನಿನ ಪ್ಲೆಬ್ಸ್ಟ್ ದೊರೆಗಳು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಅದರಿಂದ ಜೀವನೋಪಾಯವಿಲ್ಲದ ಅನೇಕ ಕುಟುಂಬಗಳಿಗೆ ಕೆಲಸ ಸಿಕ್ಕಿತು. ವರುಷವರುಷ ಹುಲ್ಲು ಹೊದಿಸುವ ಕಷ್ಟವೂ ಕಿಡಿ ಹಾರಿದರೆ ಮನೆಯೇ ಹೋಗುವ ಭಯವೂ ಹಂಚು ಹೊದಿಸಿದವರಿಗೆ ತಪ್ಪಿದವು. ಇದು ದೊಡ್ಡ ಉಪಕಾರ. ಆದರೂ ಆ ಹಂಚಿಗಾಗಿ ನದೀತೀರಗಳಲ್ಲಿಯೂ ಗದ್ದೆಗಳಲ್ಲಿಯೂ ಜೇಡಿಮಣ್ಣನ್ನು ತೋಡಿದರು. ಆವಿಗೆಗಳು ರಾಶಿರಾಶಿ ಕಟ್ಟಿಗೆಯನ್ನು ನುಂಗಿದವು. ಒಳ್ಳೆಯ ಕೆಲಸಕ್ಕೂ ಸಾಲವುಂಟು ಎಂಬದು ಇದರಿಂದ ತಿಳಿಯುತ್ತದೆ.

ಆದದರಿಂದ ನಮಗೆ ತೋರುವದೇನಂದರೆ: ಗದ್ದೆಯೂ ಕಾಡೂ ಕೂಲಿಯವನ ಬೆನ್ನೂ ತೆತ್ತ ಬೆಲೆಯು ಹಳೆಯ ವಸ್ತುವಿನಲ್ಲಿ ಆಗಲೇ ಸಂದುಹೋಗಿದೆ. ಹೊಸ ವಸ್ತುವು ಆ ಬೆಲೆಯನ್ನು ಮತ್ತೊಂದು ಸಾರಿ ಕೇಳುತ್ತದೆ. ಗಟ್ಟಿಯಾದ ಬಾಗಿಲನ್ನು ಫ್ಯಾಶನ್ ಹೋಯಿತೆಂದು ಕಿತ್ತೆಸೆಯುವವನು ತನ್ನ ಹಣವನ್ನು ಮಾತ್ರವಲ್ಲ, ಇತರರು ಕೊಟ್ಟದ್ದನ್ನೂ ಎಸೆಯುತ್ತಾನೆ. ಮಂಗಳೂರಿನ ಅನೇಕ ಹಂಚಿನ ಕಾರ್ಖಾನೆಗಳು ಈಗ ಮುಚ್ಚಿಹೋಗಿವೆ. ಆದರೆ ಅವು ಸುಟ್ಟ ಹಂಚುಗಳು ಒಂದು ಮಾಡಿನಿಂದ ಇಳಿದು ಇನ್ನೊಂದು ಮಾಡನ್ನು ಏರುತ್ತಲೇ ಇವೆ. ಮನೆಯೊಳಗಿನ ಬಾಗಿಲು, ಮಂಚ, ಪೆಟ್ಟಿಗೆಗಳಿಗೂ ಇದೇ ನ್ಯಾಯವು ಸಲ್ಲತಕ್ಕದ್ದು.

ಈ ಕಾರಣದಿಂದ ಮನೆಗೆ ಸಾಮಾನು ಬೇಕಾದಾಗ ಈ ಕ್ರಮವನ್ನು ಹಿಡಿಯುವದು ಒಳ್ಳೇದು. ಮೊದಲನೆಯದಾಗಿ, ಇದ್ದದ್ದನ್ನು ಇಟ್ಟುಕೊಳ್ಳಬೇಕು. ಎರಡನೆಯದಾಗಿ, ಕೆಟ್ಟದ್ದನ್ನು ರಿಪೇರಿ ಮಾಡಿಸಬೇಕು; ಊರಿನ ಬಡಗಿಗೂ ಅದರಿಂದ ಅನ್ನ ಸಿಗುತ್ತದೆ. ಮೂರನೆಯದಾಗಿ, ಇನ್ನೊಬ್ಬರ ಮನೆಯಿಂದ ಇಳಿಸಿದ ಗಟ್ಟಿಯಾದ ಮರವನ್ನೋ ಕಲ್ಲನ್ನೋ ವಿಚಾರಿಸಬೇಕು. ಹೊಸದನ್ನು ಕೊಳ್ಳುವದು ಕಡೆಯ ಮಾತು. ಆಗಲೂ ಹತ್ತಿರದಲ್ಲಿ ಸಿಗುವಂಥಾದ್ದೂ, ಒಡೆದರೆ ಊರಿನವರು ಸರಿಮಾಡಬಲ್ಲಂಥಾದ್ದೂ, ಸವೆದರೆ ಮಣ್ಣಿಗೆ ಸೇರುವಂಥಾದ್ದೂ ಉತ್ತಮ. ಕಲಬುರಗಿಯ ಕಡೆಯವರಿಗೆ ನೆಲಕ್ಕೆ ಶಹಾಬಾದಿನ ಕಲ್ಲು ಉಂಟು. ಗೋಡೆಗೆ ಸುಣ್ಣ ಸಾಕು. ಅದರ ಖಾರಕ್ಕೆ ಬೂಷ್ಟು ಬೇಗನೆ ಹತ್ತದು. ಸುಣ್ಣದ ಕಲ್ಲನ್ನು ಸುಡುವಾಗ ಹೊರಟ ಅಂಗಾರಾಮ್ಲವಾಯುವಿನಲ್ಲಿ ಒಂದು ಪಾಲನ್ನು ಸುಣ್ಣವು ಗಟ್ಟಿಯಾಗುತ್ತಾ ತಿರಿಗಿ ಹೀರಿಕೊಳ್ಳುತ್ತದೆ. ಕೂತುಕೊಳ್ಳುವದಕ್ಕೆ ಓಲೆಯ ಚಾಪೆ, ಕಾಲೊರಸಿಗೆ ತೆಂಗಿನ ನಾರು. ಸಾಗುವಾನಿಯು ಬಲಿಯುವದಕ್ಕೆ 50 ವರ್ಷಗಳಾದರೂ ಬೇಕು. ಬಿದಿರಿಗೆ ಮೂರರಿಂದ ಐದು ವರ್ಷ ಸಾಕು. ಕಡಿದ ಬಿದಿರನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಹುಳದ ಕಾಟವು ಕಡಿಮೆಯಾಗುತ್ತದೆ. ಕಾಡಿನ ಹೊರಗೆ ಬೆಳೆದ ಬಿದಿರನ್ನು 2017ರ ತಿದ್ದುಪಡಿಯು ಅರಣ್ಯ ಕಾನೂನಿನ ಮರಗಳ ಪಟ್ಟಿಯಿಂದ ಬಿಡಿಸಿರುವದರಿಂದ, ಹಿತ್ತಿಲಲ್ಲಿ ಬೆಳೆಸಿದವನಿಗೆ ಮೊದಲಿದ್ದ ಅಂಜಿಕೆಯೂ ಕಡಿಮೆಯಾಗಿದೆ.

ಕೆಲವರು, "ಇದೆಲ್ಲಾ ಹಣವಂತರ ಮಾತು, ಬಡವನು ಅಗ್ಗವಾದದ್ದನ್ನೇ ಕೊಳ್ಳಬೇಕಷ್ಟೆ" ಎಂದಾರು. ಇದು ಸತ್ಯ, ಇದನ್ನು ಹಗುರವಾಗಿ ತಳ್ಳಿಬಿಡುವವನಿಗೆ ಬಡತನವು ತಿಳಿಯದು. ಪ್ಲಾಸ್ಟಿಕ್ ಕುರ್ಚಿಯನ್ನು ಕೊಂಡ ಕೂಲಿಯವನನ್ನು ನಾವು ದೂಷಿಸುವದಿಲ್ಲ. ಅವನು ಕಾಲು ಮುರಿದರೆ ತಂತಿ ಕಟ್ಟಿ, ಹದಿನೈದು ವರ್ಷ ಅದರ ಮೇಲೆಯೇ ಅತಿಥಿಯನ್ನು ಕೂರಿಸುತ್ತಾನೆ. ಐದು ವರ್ಷಕ್ಕೊಮ್ಮೆ ಸಾಗುವಾನಿಯ ಹೊಸ ಸೋಫಾ ತರಿಸಿ, ತನ್ನ ಮನೆಯು ಪ್ರಕೃತಿಗೆ ಒಪ್ಪುವಂಥಾದ್ದೆಂದು ಹೊಗಳಿಕೊಳ್ಳುವವನಿಗಿಂತ ಈ ಕೂಲಿಯವನು ಭೂಮಿಗೆ ಕಡಿಮೆ ಭಾರ. ವಸ್ತುವು ಯಾವದೆಂಬದರಷ್ಟೇ ನಾವು ಅದನ್ನು ಎಷ್ಟು ಕಾಲ ಆದರದಿಂದ ಇಟ್ಟುಕೊಳ್ಳುತ್ತೇವೆಂಬದೂ ಮುಖ್ಯ. ಆದದರಿಂದ ಈ ಲೇಖನವನ್ನು ಓದಿದ ಯಾರೂ ಇದ್ದ ಪ್ಲಾಸ್ಟಿಕ್ಕನ್ನು ಎಸೆದು ಬಿದಿರನ್ನು ಕೊಳ್ಳುವದಕ್ಕೆ ಹೊರಡಬಾರದು. ಅದು ಹೊಸ ವೇಷದ ಹಳೆಯ ದುಂದುಗಾರಿಕೆಯೇ.

ನಾವು ಮಾರಿದ ಹಲಸಿನ ಪೆಟ್ಟಿಗೆಯನ್ನು ಕೊಂಡವರು ಅದಕ್ಕೆ ಹೊಸ ಬಿಜಾಗರಿ ಹಾಕಿಸಿದರು. ಅವರ ಮನೆಗೆ ಹೋದಾಗಲೆಲ್ಲಾ ಅದು ನಮ್ಮ ಕಣ್ಣಿಗೆ ಬೀಳುತ್ತದೆ. ಅದರೊಳಗೆ ಈಗ ಅವರ ಮೊಮ್ಮಕ್ಕಳ ಬಟ್ಟೆಗಳಿವೆ. ನಮ್ಮ ಸೋಮಾರಿತನದ ಬೆಲೆ ಎಷ್ಟೆಂದು ಅದು ಪ್ರತಿಸಾರಿಯೂ ನಮಗೆ ತೋರಿಸುತ್ತದೆ. ಪ್ರಿಯರೇ, ನಿಮ್ಮ ಮನೆಯಲ್ಲಿ ಮುರಿದು ಬಿದ್ದಿರುವದು ಏನಾದರೂ ಇದ್ದರೆ, ಅದನ್ನು ಹೊರಗೆ ಹಾಕುವದಕ್ಕೆ ಮುಂಚೆ ಒಂದು ಸಾರಿ ಬಡಗಿಗೆ ತೋರಿಸಿರಿ.