ಕಡಲಾಳದ ಕೌತುಕ ಮತ್ತು ಶ್ರಾವಕಧರ್ಮ

ನೀರನ್ನು ಸೋಸಿ ಕುಡಿಯುವುದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಶ್ರಾವಕ ಮನೆತನಗಳಲ್ಲಿ ತಲೆತಲಾಂತರದಿಂದ ಬಂದ ಆಚಾರ. ಅಂತಹ ಮನೆಯ ತರುಣರು ರಜೆಯಲ್ಲಿ ಮುರ್ಡೇಶ್ವರಕ್ಕೆ ತೆರಳಿ, ಅಲ್ಲಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪದ ಬಳಿ ಸ್ನಾರ್ಕೆಲ್ ಧರಿಸಿ ಈಜಲು, ಸ್ಕೂಬಾ ಉಪಕರಣ ಕಟ್ಟಿಕೊಂಡು ಮುಳುಗಲು ಬಯಸಿದರೆ ಹಿರಿಯರು ಏನೆನ್ನಬೇಕು? 'ಬೇಡ' ಎನ್ನುವುದು ಸುಲಭ; ನಿರ್ಣಯ ಅಷ್ಟು ಸುಲಭವಲ್ಲ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಐದಾಗಿ ವಿಂಗಡಿಸಿದ್ದಾರೆ. ಅವುಗಳಲ್ಲೊಂದು ಪ್ರಮಾದಚರ್ಯೆ. ನಿಷ್ಫಲವಾಗಿ ನೆಲ, ಜಲ, ಅಗ್ನಿ, ವಾಯುಗಳನ್ನು ಕ್ಷೋಭೆಗೊಳಿಸುವುದು, ಸಸ್ಯಗಳನ್ನು ಕತ್ತರಿಸುವುದು, ವೃಥಾ ತಿರುಗುವುದು, ಇತರರನ್ನು ತಿರುಗಿಸುವುದು ಇದರಲ್ಲಿ ಸೇರುತ್ತವೆ. ಕೇವಲ ಮೋಜಿಗಾಗಿ ಕಡಲಿಗಿಳಿಯುವುದು ಈ ದೋಷದಿಂದ ತಪ್ಪಿಸಿಕೊಳ್ಳಲಾರದು. ಆದರೆ ಆಚಾರ್ಯರ ಒತ್ತು 'ನಿಷ್ಫಲ' ಎಂಬಲ್ಲಿದೆ. ಹಾಗಾದರೆ ಫಲವೇನೆಂದು ಪರಿಶೀಲಿಸಬೇಕು.

ನೇತ್ರಾಣಿಯ ನೀರಿನೊಳಗೆ ಹವಳಗಳಿವೆ, ಬಣ್ಣಬಣ್ಣದ ಮೀನುಗಳಿವೆ. ವರ್ತಕರಿಗೆ ಹವಳವೆಂದರೆ ನವರತ್ನಗಳಲ್ಲೊಂದು. ಪ್ರಾಚೀನ ಶಾಸ್ತ್ರವು ಅದನ್ನು ಪೃಥ್ವೀಕಾಯಿಕ ಜೀವಗಳಲ್ಲಿ ಎಣಿಸಿತು. ಇಂದಿನ ಜೀವವಿಜ್ಞಾನ ಅದನ್ನು ಸಣ್ಣ ಪ್ರಾಣಿಗಳ ಸಮೂಹವೆನ್ನುತ್ತದೆ. ವರ್ಗೀಕರಣ ಬೇರೆಯಾದರೂ ಎರಡೂ ಅದನ್ನು ನಿರ್ಜೀವವೆನ್ನುವುದಿಲ್ಲ. ಆಭರಣದಲ್ಲಿ ಕಲ್ಲಾಗಿ ಕಂಡದ್ದು ಅಲ್ಲಿ ಜೀವವಾಗಿ ಕಂಡರೆ, ಆ ದರ್ಶನವನ್ನು ನಿಷ್ಫಲವೆನ್ನಲಾಗದು.

ಆದರೂ ಜಮೆಯನ್ನು ಮಾತ್ರ ಬರೆದು ಖರ್ಚನ್ನು ಮರೆತರೆ ಲೆಕ್ಕ ಸುಳ್ಳಾಗುತ್ತದೆ. ಹೊಸಬನ ಕಾಲಿನ ರೆಕ್ಕೆ ತಗುಲಿದರೆ ಅನೇಕ ವರ್ಷಗಳಲ್ಲಿ ಬೆಳೆದ ಹವಳದ ಕೊಂಬೆ ಕ್ಷಣದಲ್ಲಿ ಮುರಿಯುತ್ತದೆ. ಕಾಲು ಬಡಿದರೆ ಏಳುವ ಹೂಳು ಅದನ್ನು ಮುಚ್ಚುತ್ತದೆ. ದೋಣಿಯ ಲಂಗರೂ ಘಾತಕವೇ. 'ನನಗೆ ಕೊಲ್ಲುವ ಭಾವವಿರಲಿಲ್ಲ' ಎಂಬ ಸಮಾಧಾನ ಇಲ್ಲಿ ಸಲ್ಲದು, ಅಜಾಗರೂಕತೆಯೇ ಪ್ರಮಾದ.

ಮುನಿಗಳ ಈರ್ಯಾಸಮಿತಿ ನಾಲ್ಕು ಮೊಳ ಮುಂದೆ ನೋಡಿ ಹೆಜ್ಜೆಯಿಡಲು ವಿಧಿಸುತ್ತದೆ. ಮುಳುಗುವವನ ಶಿಕ್ಷಣವೂ ಇದನ್ನು ಹೋಲುತ್ತದೆ: ಉಸಿರು ಹಿಡಿಯದೆ ಸಮವಾಗಿ ಉಸಿರಾಡುವುದು, ತಳಕ್ಕೆ ತಾಗದೆ ತೇಲುವುದು, ಏನನ್ನೂ ಮುಟ್ಟದಿರುವುದು. ಆ ಹಿಡಿತವನ್ನು ಮೊದಲು ಈಜುಕೊಳದಲ್ಲಿ ಸಾಧಿಸಬೇಕು. ಸಾಧಿಸುವವರೆಗೆ ಹವಳದ ಹತ್ತಿರ ಹೋಗದಿರುವುದೇ ಧರ್ಮ. ಶಂಖ, ಹವಳದ ಚೂರು ಯಾವುದನ್ನೂ ತರಬಾರದು, ಮೀನಿಗೆ ಆಹಾರವೆಸೆಯಬಾರದು.

ವ್ರತದಲ್ಲಿ ದೃಢರಾದವರು ಹೋಗದಿರುವುದೇ ಉತ್ತಮ. ಅದಕ್ಕೆ ಎರಡನೆಯ ಮಾತಿಲ್ಲ. ಹೋಗುವ ತರುಣನಿಗೆ ಹಿರಿಯರು ಒಂದೇ ಪ್ರಶ್ನೆ ಕೇಳಲಿ: 'ಅಲ್ಲಿ ನೋಡಿದ ಜೀವಕ್ಕಾಗಿ ಇಲ್ಲಿ ಏನನ್ನು ಬಿಡುವೆ?' ಆತ ಮನೆಗೆ ಬಂದು ಒಂದು ಕೊಡ ನೀರನ್ನು ಇನ್ನಷ್ಟು ಎಚ್ಚರದಿಂದ ಸೋಸಿದರೆ ಆ ಪ್ರಯಾಣಕ್ಕೆ ಅರ್ಥವಿದೆ. ಛಾಯಾಚಿತ್ರಗಳನ್ನಷ್ಟೇ ತಂದರೆ ಅದು ಅನರ್ಥದಂಡವೇ ಸರಿ.