ಸಣ್ಣದು ಯಾರ ಪಾಲಿಗೆ?

ಅಣೆಕಟ್ಟು ಎಂದೊಡನೆ ಮುಳುಗಡೆಯಾದ ಊರುಗಳು ನಮಗೆ ನೆನಪಾಗುತ್ತವೆ. ಪಶ್ಚಿಮ ಘಟ್ಟದ ಕಿರು ಜಲವಿದ್ಯುತ್ ಯೋಜನೆಗಳಲ್ಲಿ ಮುಳುಗುವ ಮನೆಗಳು ಕಡಿಮೆ. ಹಾಗಾಗಿ ನಮಗೆ ಅವುಗಳ ಚಿಂತೆಯೂ ಕಡಿಮೆ. 2006ರ ಕೇಂದ್ರ ಅಧಿಸೂಚನೆಯೂ 25 ಮೆಗಾವ್ಯಾಟ್‌ಗಿಂತ ಕೆಳಗಿನ ಜಲವಿದ್ಯುತ್ತಿಗೆ ಪರಿಸರ ಅನುಮತಿ ಬೇಕೆನ್ನಲಿಲ್ಲ. ಅಲ್ಲಿ ಅಳೆದದ್ದು ವಿದ್ಯುತ್ತನ್ನು, ಹೊಳೆಯನ್ನಲ್ಲ.

ಒಡ್ಡಿನಲ್ಲಿ ತಡೆದ ನೀರನ್ನು ಕೊಳವೆಯಲ್ಲಿ ಒಯ್ದು, ಯಂತ್ರ ತಿರುಗಿಸಿ, ದೂರದಲ್ಲಿ ಮತ್ತೆ ಹೊಳೆಗೆ ಬಿಡುತ್ತಾರೆ. ಬೇಸಿಗೆಯಲ್ಲಿ ನಡುವೆ ಉಳಿಯುವುದು ಬಂಡೆ ಮತ್ತು ಗುಂಡಿ. ಗುಂಡಿಯ ನೀರು ಕಾದು ಆಮ್ಲಜನಕ ಕುಗ್ಗುತ್ತದೆ. ರಭಸದ ನೀರಿನಲ್ಲಿ ಕಲ್ಲಿಗಂಟಿ ಪಾಚಿ ಮೇಯುವ ಮೀನುಗಳು ಇಲ್ಲವಾಗಿ, ನಿಂತ ನೀರಿಗೆ ಒಗ್ಗುವ ಮೀನುಗಳು ಹೆಚ್ಚುತ್ತವೆ. ಬಲೆಗೆ ಏನಾದರೂ ಬೀಳುತ್ತಿರುವುದರಿಂದ ಏನೂ ಕಳೆದಿಲ್ಲವೆಂದು ನಾವು ನಂಬುತ್ತೇವೆ. ಒಂದೂರಿನವರನ್ನು ಒಕ್ಕಲೆಬ್ಬಿಸಿ ಬೇರೆಯವರನ್ನು ತಂದು ಕೂರಿಸಿದರೆ, ತಲೆ ಲೆಕ್ಕ ಸರಿಯಿದೆಯೆಂದು ಸುಮ್ಮನಿರುತ್ತೇವೆಯೇ?

ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ದೇವಸ್ಥಾನದ ಪಕ್ಕದ ಕಪಿಲಾ ನದಿಯ ಮಹಶೀರ್ ಮೀನುಗಳನ್ನು ದೇವರ ಮೀನೆಂದು ಯಾರೂ ಹಿಡಿಯುವುದಿಲ್ಲ. ಎಲ್ಲರೂ ಮೆಚ್ಚಬೇಕಾದ ನಡವಳಿಕೆ. ಆದರೆ ಮಹಶೀರ್ ಮೊಟ್ಟೆಯಿಡಲು ಮಳೆಗಾಲದಲ್ಲಿ ಹೊಳೆಯ ಮೇಲ್ಭಾಗಕ್ಕೆ, ನೊರಜುಗಲ್ಲಿನ ತಳ ಹುಡುಕಿಕೊಂಡು ಹೋಗುವ ಮೀನು. ದಾರಿಗೆ ಒಡ್ಡು ಅಡ್ಡಬಂದರೆ ಮಡುವಿನಲ್ಲಿ ಕೊಟ್ಟ ಅಭಯ ಎಷ್ಟು ತಲೆಮಾರು ಬಾಳೀತು?

ನಮಗೆ ವಿದ್ಯುತ್ ಬೇಕು, ಈ ಪತ್ರಿಕೆ ಅಚ್ಚಾಗುವುದೂ ಅದರಿಂದಲೇ. ಆದರೆ ಬೇಸಿಗೆಯ ನೀರಿನಲ್ಲಿ ಹೊಳೆಯ ಪಾಲೆಷ್ಟು ಎಂಬ ಪ್ರಶ್ನೆ ಯೋಜನೆಯ ಕಾಗದಕ್ಕೆ ಸಹಿ ಬೀಳುವ ಮೊದಲೇ ಏಳಬೇಕು.